ತೋಳ ಹೊಂಡಕ್ಕ ಬಿದ್ದ ಮುಂಜಾನಿ

ಹೋದ ವರ್ಷ ಸುಗ್ಗಿ ಮುಗಿದ ಮ್ಯಾಲೆ, ಬಾದಾಮಿ ಹತ್ರ ಒಬ್ಬ ಗೌಡರ ಹೊಲದಾಗ ನಮ್ಮ ಕುರಿ ಹಟ್ಟಿ ಹಾಕಿದ್ವಿ. ಹಿಂದುಳಿಯೋ ಮರಿಗಳಿಗೆ "ನಿನ್ನ ತೋಳ ಒಯ್ಯಲಿ!" ಅಂತ ಬೈಯೋದು ನನ್ನ ಬಾಯಿಚಟ. ಆ ವಾರ ಖರೇನ ಒಯ್ತು. ಎರಡು ಮರಿ ಹೋದುವು. ಅದರಾಗ ಒಂದಕ್ಕ ನಾನ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದೆ. ಭಾಳ ಅತ್ತೆ. ಆಮ್ಯಾಲೆ ನಾನು, ನಮ್ಮ ಮನಿಯವರು ಪಾಳಿ ಮ್ಯಾಲೆ ಕಾಯ್ದು ಕಾಯ್ದು, ನಿಂತಲ್ಲೇ ತೂಕಡಿಸೋ ಹಂಗಾಗಿದ್ವಿ.

ಒಂದು ಮುಂಜಾನಿ ಗೌಡರ ಕೃಷಿ ಹೊಂಡದ ಕಡೆ ಗದ್ದಲ ಕೇಳಿಸ್ತು. ಓಡಿ ಹೋಗಿ ನೋಡಿದ್ರ, ತೋಳ ನೀರಾಗ ಬಿದ್ದಿತ್ತು. ಹೊಂಡಕ್ಕ ಹಾಸಿದ ಪ್ಲಾಸ್ಟಿಕ್ ಮ್ಯಾಲೆ ಕಾಲು ನಿಲ್ಲವಲ್ದು. ಹತ್ತೋದು, ಜಾರೋದು, ಮತ್ತ ಹತ್ತೋದು. ಅದಕ್ಕೂ ಸಾಕಾಗಿ ಹೋಗಿತ್ತು. ದಂಡಿ ಮ್ಯಾಲೆ ಊರ ಮಂದಿ, ಎಲ್ಲಾರ ಕೈಯಾಗೂ ಕಲ್ಲು. ತೋಳ ಹಳ್ಳಕ್ಕ ಬಿದ್ರ ಆಳಿಗೊಂದು ಕಲ್ಲು ಅಂತಾರಲ್ಲ, ಅದನ್ನ ಕಣ್ಣಾರೆ ನೋಡಿದೆ.

"ಬಾರವ್ವ, ಮರಿ ಕಳಕೊಂಡಾಕಿ ನೀ. ಮೊದಲನೇ ಕಲ್ಲು ನಿಂದ," ಅಂತ ಒಬ್ಬ ನನ್ನ ಕೈಗೆ ಕಲ್ಲು ಕೊಟ್ಟ.

ತೊಗೊಂಡೆ. ಒಗೀಬೇಕಂತನ ಇದ್ದೆ, ಸುಳ್ಳ ಯಾಕ ಹೇಳ್ಲಿ? ಅಷ್ಟರಾಗ ಮಂದಿ ನಗೋದು ಕೇಳಿಸ್ತು. ಹಿಂದೊಮ್ಮೆ ನಮ್ಮ ಕುರಿ ಯಾರದೋ ಜೋಳ ಮೇಯ್ದಾಗ ಹಿಂಗ ಸುತ್ತುಗಟ್ಟಿ, ಹೊಲ ಇಲ್ಲದವರೂ ನಮ್ಮ ಮನಿಯವರನ್ನ ಬೈದು ನಕ್ಕಿದ್ರು. ಕಲ್ಲು ಕೆಳಗಿಟ್ಟೆ.

"ಮರಿ ಹೋಗಿದ್ದು ನಂದು. ನಿಮ್ಮದೇನ್ ಹೋಗೇತ್ರಿ? ಸರೀರಿ ಅತ್ಲಾಗ!" ಅಂದೆ.

"ಹುಚ್ಚಿ, ಅದು ಮತ್ತ ನಿನ್ನ ಹಟ್ಟಿಗೇ ಬರ್ತೈತಿ," ಅಂದ ಕಲ್ಲು ಕೊಟ್ಟಾವ.

"ಬರ್ಲಿ. ಬಂದ್ರ ಓಡಸ್ತೇನಿ."

ಹಟ್ಟಿ ಸುತ್ತ ಕಟ್ಟೋ ಬಲಿ ತಂದು, ಒಂದು ತುದಿ ಬೇವಿನ ಗಿಡಕ್ಕ ಕಟ್ಟಿ, ಇನ್ನೊಂದನ್ನ ನೀರಿಗೆ ಇಳಿಬಿಟ್ಟೆ. ಗೌಡರು "ಎಲ್ಲಾರೂ ದೂರ ನಿಲ್ರಿ" ಅಂತ ಮಂದಿನ ಗದರಿಸಿದ್ರು. ತೋಳ ಬಲಿ ಮ್ಯಾಲೆ ಕಾಲು ಊರಿ ಊರಿ ಮ್ಯಾಲೆ ಬಂತು. ಮೈ ಜಾಡಿಸಿಕೊಂಡು ಗುಡ್ಡದ ಕಡೆ ಹೋತು. ಹೊಳ್ಳಿ ಸುದ್ದಾ ನೋಡ್ಲಿಲ್ಲ.

ಪುಣ್ಯ ಕಟ್ಕೊಂಡಿ ಅಂತ ಈಗ ಕೆಲವರು ಅಂತಾರ. ಪುಣ್ಯದ್ದು ಗೊತ್ತಿಲ್ಲ, ನಿದ್ದಿ ಅಂತೂ ಬಂದಿಲ್ಲ. ಮರಿಗಳಿಗೆ ಆ ಬೈಗುಳ ಬೈಯೋದು ಬಿಟ್ಟೇನಿ. ರಾತ್ರಿ ಗುಡ್ಡದ ಕಡೆ ಊಳಿಟ್ಟಿದ್ದು ಕೇಳಿದ್ರ ಎದ್ದು, ಬ್ಯಾಟರಿ ಹಿಡಕೊಂಡು ಕುಂದರತೇನಿ. ನಮ್ಮ ಮನಿಯವರು ಮಗ್ಗಲು ಬದಲಿಸ್ಕೋತ ಅಂತಾರ, "ತೋಳನ್ನ ಬಿಟ್ಟಾಕಿ ನೀ, ಇನ್ನ ಕಾಯಾಕಿನೂ ನೀನ."