ಕಾಯಿಸಿದರೂ ಹೋಗದ್ದು

ಈಗಷ್ಟೇ ಬೆಳಕು ಹರಿಯುತ್ತಿದೆ. ಬೀದಿಯ ಮೂಲೆಯಲ್ಲಿರುವ ಶುದ್ಧ ನೀರಿನ ಘಟಕದ ಶಟರ್ ಎತ್ತಿ, ಯಂತ್ರ ಚಾಲೂ ಮಾಡಿ, ಮೊದಲು ಬಂದ ನೀರನ್ನು ಘಟಕ ನೋಡಿಕೊಳ್ಳುವ ಅಕ್ಕ ಚರಂಡಿಗೆ ಬಿಡುತ್ತಾರೆ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು ಯಾರ ಹೊಟ್ಟೆಗೂ ಹೋಗಬಾರದು. ಆಮೇಲೆ ಕ್ಯಾನು ತುಂಬಿಸಿ, ತಳ್ಳುಗಾಡಿಗೆ ಏರಿಸಿ, ಮೆಟ್ಟಿಲಿಳಿಯಲಾಗದ ವಯಸ್ಸಾದವರ ಮನೆಗಳಿಗೆ ಹೊರಡುತ್ತಾರೆ. ಈ ಸುತ್ತಾಟ ಅವರ ಕೆಲಸಕ್ಕೆ ಸೇರಿದ್ದಲ್ಲ. ಜತೆಗೆ ಹೊರಟ ನಾನು ಕೇಳಿದರೆ, "ಕೈಕಾಲು ಗಟ್ಟಿ ಇದೆಯಲ್ಲ, ಬಿಡಿ" ಎಂದು ನಗುತ್ತಾರೆ.

ಬೀದಿಯವರಿಗೆ ಇವರು 'ಕಾಯಿಸಕ್ಕ'. ಹಿಂದೊಮ್ಮೆ ವಾಂತಿಭೇದಿ ಹರಡಿದಾಗ ಬಾಗಿಲು ಬಾಗಿಲು ತಟ್ಟಿ, "ನೀರು ಕಾಯಿಸಿ ಕುಡೀರಿ" ಎಂದು ಗಂಟಲು ಹರಿದುಕೊಂಡವರು ಇವರೇ. ಜನ ಕೇಳಿದರು, ಬದುಕಿದರು, ಹೆಸರೂ ಇಟ್ಟರು. ಈಗ ಅದೇ ಮಾತು ಅವರ ಕಾಲಿಗೆ ತೊಡರಿಕೊಂಡಿದೆ. ಬೀದಿಯ ನಲ್ಲಿಗಳಿಗೆ ಬರುವ ಆಳದ ಕೊಳವೆಬಾವಿ ನೀರಿನಲ್ಲಿ ಯುರೇನಿಯಂ ಇದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ. ನೆಲದಡಿಯ ಬಂಡೆಯಿಂದ ಕರಗಿ ಬರುವ ಈ ವಿಕಿರಣಶೀಲ ಲೋಹ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಮೊದಲ ಪೆಟ್ಟು ಕಿಡ್ನಿಗೆ. ಕಾಯಿಸಿದರೆ ಹೋಗುವ ಜಾತಿಯದೂ ಅಲ್ಲ; ಘಟಕದ ಯಂತ್ರದಲ್ಲಿ ಸೋಸಿದರೆ ಮಾತ್ರ ಹೋಗುತ್ತದೆ.

"ಯಾರಿಗೆ ಹೇಳಿದ್ರೂ, ನಾವು ಕಾಯಿಸೇ ಕುಡೀತೀವಲ್ಲಕ್ಕ, ನೀನೇ ತಾನೇ ಹೇಳ್ಕೊಟ್ಟಿದ್ದು ಅಂತಾರೆ. ನಾನೇನು ಹೇಳ್ಲಿ?"

ಹಾಗೆನ್ನುವವರಲ್ಲಿ ಮೊದಲಿಗರು ಮನೆಯಲ್ಲೇ ಇದ್ದರು. ಅವರ ಅತ್ತೆ. ಸೊಸೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿ, ನಲ್ಲಿ ನೀರನ್ನು ಅರ್ಧಕ್ಕಿಳಿಯುವವರೆಗೂ ಕುದಿಸಿ ಕುಡಿಯುತ್ತಿದ್ದವರು. ಅಂಥ ವಿಧೇಯ ಅತ್ತೆ ಎಷ್ಟು ಸೊಸೆಯರಿಗೆ ಸಿಕ್ಕಾರು? ಕಾಲು ಊದಿಕೊಂಡಾಗ ತೋರಿಸಿದರೆ, ಕಿಡ್ನಿ ಸೋಲುತ್ತಿದೆ ಎಂದಾಯಿತು. ನೀರಿನಿಂದಲೇ ಹೀಗಾಯಿತು ಎಂದು ವೈದ್ಯರು ಖಚಿತವಾಗಿ ಹೇಳಲಿಲ್ಲ. ಆ ನೀರು ಮಾತ್ರ ಇನ್ನು ಬೇಡವೇ ಬೇಡ ಎಂದರು. ಅತ್ತೆ ಜಗ್ಗಲಿಲ್ಲ. "ಕುದಿಯೋ ನೀರಲ್ಲೂ ಬದುಕೋ ವಿಷ ಯಾವುದೇ ಅದು?"

ಸೊಸೆ ವಾದಕ್ಕಿಳಿಯಲಿಲ್ಲ. ಪಾತ್ರೆಯ ನೀರಿಗೆ ಸ್ವಲ್ಪ ಉಪ್ಪು ಹಾಕಿ, ಅತ್ತೆಗೆ ಒಂದು ಚಮಚ ರುಚಿ ತೋರಿಸಿದರು. ಉಳಿದದ್ದನ್ನು ಅರ್ಧವಾಗುವಷ್ಟು ಕುದಿಸಿ, ಆರಿಸಿ, ಮತ್ತೊಂದು ಚಮಚ ಕೊಟ್ಟರು.

"ಉಪ್ಪು ಹೋಯ್ತಾ ಅತ್ತೆ?"

"ಎಲ್ಲಿ ಹೋಗುತ್ತೆ, ಇನ್ನೂ ಜಾಸ್ತಿ ಆಗಿದೆಯಲ್ಲೇ."

"ಇದೂ ಹಾಗೇನೇ. ಕ್ರಿಮಿ ಆದ್ರೆ ಕುದಿಸಿದ್ರೆ ಸಾಯುತ್ತೆ. ಇದು ಕಲ್ಲಿಂದ ಬಂದಿದ್ದು."

ಅತ್ತೆ ನೀರು ಕಾಯಿಸುವ ಪಾತ್ರೆಯನ್ನು ತಾವೇ ಎತ್ತಿ ಬಚ್ಚಲಲ್ಲಿಟ್ಟರಂತೆ. ಅಂದಿನಿಂದ ತಳ್ಳುಗಾಡಿಯಲ್ಲಿ ಕ್ಯಾನಿನ ಜತೆ ಉಪ್ಪಿನ ಡಬ್ಬಿಯೂ ಹೋಗುತ್ತದೆ. ಒಪ್ಪದ ಮನೆಯ ಒಲೆಯ ಮುಂದೆ ಅವರು ತಾಳ್ಮೆಯಿಂದ ಕೂರುವುದನ್ನು ನೋಡಿದರೆ ಮನಸ್ಸು ತುಂಬಿ ಬರುತ್ತದೆ.

ಸುತ್ತು ಮುಗಿಸಿ ಮನೆ ಸೇರಿದವರನ್ನು, ನಿಮಗೇನಾಸೆ ಎಂದು ಕೇಳುತ್ತೇನೆ. ಒಳಗೆ ಅತ್ತೆ ಲೋಟ ಹಿಡಿದು ಏನೋ ಹೇಳುತ್ತಿದ್ದಾರೆ.

"ಕೇಳಿಸ್ತಾ? ಈ ನೀರು ಸಪ್ಪೆ ಅಂತ ದಿನಾ ಗೊಣಗ್ತಾರೆ," ಎನ್ನುತ್ತಾ ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಇನ್ನೂ ತುಂಬಾ ವರ್ಷ ಹೀಗೇ ಗೊಣಗ್ತಾ ಇರ್ಲಿ. ಅಷ್ಟು ಸಾಕು ನಂಗೆ."