ಕೈ ನೋಡಿ ಕ್ಯಾಮೆರಾ ಕೊಡುತ್ತಿದ್ದ ಗದಿಗೆಪ್ಪ

ಜ್ಯಾಕ್ಸನ್ ಹೈಟ್ಸ್‌ನ ಎಪ್ಪತ್ನಾಲ್ಕನೇ ಬೀದಿಯಲ್ಲಿ ವೀರಗಲ್ಲು ನೆಡುವ ರೂಢಿ ಇದ್ದಿದ್ದರೆ, ಮೊದಲ ಕಲ್ಲು ಸೀರೆ ಅಂಗಡಿಗೂ ಮಿಠಾಯಿ ಅಂಗಡಿಗೂ ನಡುವೆ ಸಿಕ್ಕಿಬಿದ್ದ ಶ್ಯಾಮ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಯ ಮುಂದೆ ಗದಿಗೆಪ್ಪನ ಹೆಸರಿನಲ್ಲಿ ನಿಲ್ಲುತ್ತಿತ್ತು. ಗದಿಗೆಪ್ಪ ಯಾವ ಕೋಟೆಯನ್ನೂ ಗೆದ್ದವನಲ್ಲ. ಗಿರಾಕಿಯ ಕೈ ನೋಡದೆ ಕ್ಯಾಮೆರಾ ತೋರಿಸುತ್ತಿರಲಿಲ್ಲ, ಅಷ್ಟೆ. ಆದರೆ ಅಷ್ಟರಿಂದಲೇ ಅವನ ಕೀರ್ತಿ ಸಬ್‌ವೇ ಹತ್ತಿ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನು ಸೇರಿತ್ತು. ಅಲ್ಲಿ ದೋಸೆಗೆ ಕಾಯುವವರು ಅವನ ಪವಾಡಗಳನ್ನು ಹೇಳಿಕೊಳ್ಳುತ್ತಿದ್ದರು. ಒಬ್ಬ ಡಾಕ್ಟರರ ಅಂಗೈ ನೋಡಿ, "ಮೂರು ತಿಂಗಳು ತೆಗೀತೀರಿ, ಆಮ್ಯಾಲೆ ಕ್ಲೋಸೆಟ್ಟಿನಾಗ ಇಡ್ತೀರಿ" ಅಂದನಂತೆ. ಹಾಗೇ ಆಯಿತಂತೆ. ಕ್ಯಾಮೆರಾ ಕೊಂಡ ಎಲ್ಲರಿಗೂ ಹಾಗೇ ಆಗುತ್ತದೆ ಎಂಬುದು ಭಕ್ತರಿಗೆ ಹೊಳೆದಿರಲಿಲ್ಲ. ಒಬ್ಬ ಹೆಂಗಸಂತೂ ಮಗಳ ಕೈ ಮುಂದೆ ಚಾಚಿಸಿ, ಗ್ರೀನ್ ಕಾರ್ಡ್ ಯಾವಾಗ ಬರುತ್ತದೆ ಎಂದು ಕೇಳಿದ್ದಳು.

ವಿದ್ಯೆ ಬಹಳ ಸರಳ. ಗದಗಿನಲ್ಲಿ ಇಪ್ಪತ್ತು ವರ್ಷ ಸ್ಟುಡಿಯೋ ನಡೆಸಿದ್ದ ಗದಿಗೆಪ್ಪನಿಗೆ, ಹಿಡಿಯಲು ಬಾರದ ಕ್ಯಾಮೆರಾವನ್ನು ಯಾರೂ ಬಳಸುವುದಿಲ್ಲ ಎಂದು ಗೊತ್ತಿತ್ತು. ಕಿರುಬೆರಳು ಹಿಡಿಯ ಕೆಳಗೆ ಜಾರಿದರೆ ಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಬಂದವರು "ಎಷ್ಟು ಮೆಗಾಪಿಕ್ಸೆಲ್?" ಎಂದು ಬಾಯಿ ತೆರೆದರೆ ಅವನದು ಒಂದೇ ಉತ್ತರ: "ಅದು ಆಮ್ಯಾಲೆ. ಮೊದಲ ಕೈ ತೋರಸ್ರಿ."

ಎರಡು ಸಾವಿರದ ಒಂಬತ್ತರ ಮಾರ್ಚ್ ಹೊತ್ತಿಗೆ ಕೈ ತೋರಿಸುವವರೇ ಇರಲಿಲ್ಲ. ಬ್ಯಾಂಕುಗಳು ಮುಳುಗಿದ್ದವು, ಅವುಗಳ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ರಟ್ಟಿನ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಹೋಗಿದ್ದರು. ಗದಿಗೆಪ್ಪನ ಹೆಂಡತಿ ರಾಜಿ ಬೇಸ್‌ಮೆಂಟ್ ಮನೆಯಲ್ಲಿ ಕೂತು ಸೀರೆಗೆ ಫಾಲ್ ಹಚ್ಚುತ್ತಿದ್ದವಳು, ಈಗ ಬರೀ ಕೂತಿರುತ್ತಿದ್ದಳು. ಅಂಥ ಒಂದು ಶುಕ್ರವಾರ ಶ್ಯಾಮ್, ಬೆಂಗಳೂರಿನ ನಯವಾದ ಮಾತಿನಲ್ಲಿ, ಕತ್ತಿ ಮಸೆದ.

"ಗದಿಗೆಪ್ಪನೋರೇ, ಶೆಲ್ಫಲ್ಲಿರೋ ಕೊನೇ ನಾಲ್ಕು ಎಸ್ಎಲ್ಆರ್ ಕ್ಯಾಮೆರಾ ಮಂಗಳವಾರದೊಳಗೆ ಹೋದ್ರೆ ನಿಮ್ಮ ಕೌಂಟರ್ ಇರುತ್ತೆ. ಇಲ್ಲದಿದ್ರೆ ಅಲ್ಲಿ ಫೋನ್ ಇಡ್ತೀನಿ. ಬೇಜಾರು ಮಾಡ್ಕೋಬೇಡಿ, ರಿಸೆಶನ್. ಮತ್ತೆ, ಯಾರಾದ್ರೂ ರಿಟರ್ನ್ ಕೇಳಿದ್ರೆ, ಕ್ಲಿಯರೆನ್ಸ್ ಮಾಲು, ವಾಪಸ್ ಇಲ್ಲ ಅನ್ನಿ. ವಾಪಸ್ ಬಂದದ್ದು ಲೆಕ್ಕಕ್ಕಿಲ್ಲ."

ಐವತ್ತೆಂಟರ ಗದಿಗೆಪ್ಪನಿಗೆ ಬೇರೆ ಯಾರೂ ಕೆಲಸ ಕೊಡುವ ಹಾಗಿರಲಿಲ್ಲ. ಹಳೇ ಗಿರಾಕಿಗಳಿಗೆಲ್ಲ ಫೋನ್ ಮಾಡಿ ಶನಿವಾರ ಸಂಜೆಯೊಳಗೆ ಮೂರು ಡಬ್ಬಿ ದಾಟಿಸಿದ. ನಾಲ್ಕನೆಯದಕ್ಕೆ ಭಾನುವಾರ ಮಧ್ಯಾಹ್ನ, ದೂರದ ಮೆಟುಚೆನ್ ಊರಿನಿಂದ ರೈಲು ಬದಲಿಸುತ್ತ, ಮಂಜೂರ್ ಬಂದ. ಜೊತೆಗೆ ಹೆಂಡತಿ ಖತೀಜಾ, ಏಳು ವರ್ಷದ ಮಗಳು ಜೈನಬ್. ಕಂಕುಳಲ್ಲಿ ಇಂಟರ್‌ನೆಟ್‌ನಿಂದ ಪ್ರಿಂಟ್ ತೆಗೆದ ಹಾಳೆಗಳ ಕಟ್ಟು.

"ಹೊಸಬರಿಗೆ ಯಾವುದು ಒಳ್ಳೇದು ಸಾರ್? ಆರು ತಿಂಗಳಿಂದ ಓದ್ತಾ ಇದೀನಿ, ಡಿಸೈಡ್ ಮಾಡೋಕೆ ಆಗ್ತಾ ಇಲ್ಲ."

"ಆರು ತಿಂಗಳು ಓದಿದ್ರ ನಾನೂ ವಕೀಲ ಆಗ್ತಿದ್ದೆ. ಕೈ ತೋರಸ್ರಿ."

ಮಂಜೂರ್ ಕೈ ಚಾಚಿದ. ಉದ್ದ ಬೆರಳು, ಉಗುರನ್ನೆಲ್ಲ ಬುಡದವರೆಗೆ ಕಚ್ಚಿಕೊಂಡಿದ್ದ. ಗದಿಗೆಪ್ಪ ಡಬ್ಬಿ ತೆರೆದು, ಲೆನ್ಸ್ ಕೂರಿಸಿ, ಕ್ಯಾಮೆರಾವನ್ನು ಆ ಕೈಯಲ್ಲಿಟ್ಟ. ಕಿರುಬೆರಳು ಕೂಡ ಹಿಡಿಯ ಮೇಲೆ ಸರಿಯಾಗಿ ಕೂತಿತು. ಮಂಜೂರ್ ಅದನ್ನು ಕಣ್ಣಿಗೆ ಹಚ್ಚಿ ಬೀದಿ ನೋಡಿದ, ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ, ಕೆಳಗಿಳಿಸಲೇ ಇಲ್ಲ.

"ಕ್ಯಾನ್ ಐ ಟೇಕ್ ವನ್?" ಅಂದಳು ಜೈನಬ್.

ಆಗ ಖತೀಜಾ ಗಂಡನ ತೋಳು ಹಿಡಿದು ಮನೆಮಾತು ಉರ್ದುವಿನಲ್ಲಿ ಪಿಸುಗುಟ್ಟಿದಳು. ಗದಿಗೆಪ್ಪ ಎಂಬ ಹೆಸರಿನ, ಹಣೆಗೆ ವಿಭೂತಿ ಹಚ್ಚಿದ ಮನುಷ್ಯನಿಗೆ ಆ ಮಾತು ಬಾರದು ಎಂದು ಮೈಸೂರಿನವಳು ಲೆಕ್ಕ ಹಾಕಿದ್ದಳು. ಗದಗಿನ ಅವನ ಸ್ಟುಡಿಯೋದ ಎಡಕ್ಕೂ ಬಲಕ್ಕೂ ಅದೇ ಮಾತಿನ ಮನೆಗಳಿದ್ದವು.

"ಬುಧವಾರ ಫ್ಲೈಟು. ಊರಲ್ಲಿ ಕೆಲಸ ಇಲ್ಲ, ಇಲ್ಲೂ ಇಲ್ಲ. ಈಗ ಇದನ್ನ ಕೊಂಡ್ಕೋತೀವಾ? ಮನೆ, ಇವಳ ಸ್ಕೂಲು, ನೀವು ದಿನಾ ಇಳಿಯೋ ಸ್ಟೇಶನ್ನು, ಎಲ್ಲಾ ತೆಗೆದು ಮಂಗಳವಾರ ವಾಪಸ್ ಕೊಟ್ಬಿಡಿ. ಎಲ್ಲರೂ ಹಾಗೇ ಮಾಡ್ತಾರೆ."

"ಆ ಮನುಷ್ಯನಿಗೆ ತೊಂದರೆ ಆದ್ರೆ?"

"ಅಂಗಡಿಯವರಿಗೆ ಏನು ತೊಂದರೆ?"

ಎಲ್ಲರೂ ಹಾಗೇ ಮಾಡುತ್ತಿದ್ದರು ಎಂಬುದು ನಿಜ. ನಾಮಕರಣ ಮುಗಿದ ಮರುದಿನ, ಮದುವೆ ಮುಗಿದ ಮರುದಿನ, ಅರಿಶಿನ ಕುಂಕುಮದ ಕಲೆಯೊಂದಿಗೆ ಕ್ಯಾಮೆರಾಗಳು ತವರಿಗೆ ಬರುತ್ತಿದ್ದವು.

ಮಂಜೂರ್ ಕ್ಯಾಮೆರಾ ಇಳಿಸಿ, ಗದಿಗೆಪ್ಪನ ಭುಜದ ಆಚೆ ಎಲ್ಲೋ ನೋಡುತ್ತ ಕೇಳಿದ: "ಇಷ್ಟ ಆಗ್ಲಿಲ್ಲ ಅಂದ್ರೆ ರಿಟರ್ನ್ ಇದೆಯಾ?"

ಒಂದು "ಇಲ್ಲ" ಸಾಕಿತ್ತು. ಆ ಕೈ ಕ್ಯಾಮೆರಾ ಬಿಡುವ ಸ್ಥಿತಿಯಲ್ಲಿರಲಿಲ್ಲ; ಹೆಂಡತಿ ಬೈದರೂ ಕೊಂಡೇ ಹೋಗುತ್ತಿತ್ತು. ಪಕ್ಕದ ಕೌಂಟರಿನಲ್ಲಿ ಫೋನ್ ಕಾರ್ಡ್ ಮಾರುವ, ತಲೆ ನರೆತ ಇಮ್ರಾನ್ ಕಿವಿ ನಿಮಿರಿಸಿ ನಿಂತಿದ್ದ.

"ಐತ್ರಿ," ಅಂದ ಗದಿಗೆಪ್ಪ. ಬಿಲ್ಲಿನ ಮೇಲೆ ಹಾಗೆಂದು ಬರೆದು ಸಹಿಯನ್ನೂ ಹಾಕಿದ. "ಡಬ್ಬಿ ಹರೀಬ್ಯಾಡ್ರಿ. ವಾರಂಟಿ ಕಾರ್ಡಿನ ಮ್ಯಾಲೆ ಹೆಸರು ಬರೀಬ್ಯಾಡ್ರಿ. ಕೊರಳಪಟ್ಟಿಯ ಪ್ಲಾಸ್ಟಿಕ್ ಬಿಚ್ಚಬ್ಯಾಡ್ರಿ, ಎರಡೂ ಕೈಲೆ ಹಿಡ್ಕೊಳ್ರಿ. ಮೆಮೊರಿ ಕಾರ್ಡ್ ಮಾತ್ರ ಬ್ಯಾರೆ ತಗೊಳ್ರಿ. ಕೊಡೋ ಮುಂದ ಅದನ್ನ ಮರೀದ ತಕ್ಕೊಳ್ರಿ, ಅದು ನಿಮ್ಮದು."

ಖತೀಜಾಳ ಮುಖ ಕಿವಿಯವರೆಗೆ ಕೆಂಪಾಯಿತು. ಬಿಲ್ಲು ಮಡಿಚಿ ಪರ್ಸಿಗೆ ಹಾಕಿಕೊಳ್ಳುತ್ತ, ಕನ್ನಡದಲ್ಲಿ, "ಬರ್ತೀವಿ ಅಂಕಲ್" ಅಂದಳು.

ಮಂಗಳವಾರ ಮಂಜೂರ್ ಒಬ್ಬನೇ ಬಂದ. ಡಬ್ಬಿ ಬಂದಾಗ ಇದ್ದಷ್ಟೇ ಚಂದ ಇತ್ತು. ಶ್ಯಾಮ್ ತಾನೇ ತೆರೆದು ಒಂದು ಗೀರಿಗಾಗಿ ಹುಡುಕಿದ, ಸಿಗಲಿಲ್ಲ. ಬಿಲ್ಲು ನೋಡಿದ, ಸಹಿ ಸಿಕ್ಕಿತು. ಹಣ ವಾಪಸ್ ಕೊಟ್ಟ. ಮಂಜೂರ್ ಗದಿಗೆಪ್ಪನ ಕಡೆ ತಿರುಗಿ, ಮೆಮೊರಿ ಕಾರ್ಡಿದ್ದ ಜೇಬು ತಟ್ಟಿಕೊಂಡು, ಬಾಗಿಲು ದಾಟಿದ. ಶ್ಯಾಮ್ ಬಾಗಿಲು ಪೂರ್ತಿ ಮುಚ್ಚುವವರೆಗೂ ಕಾದ.

"ನಾಳೆಯಿಂದ ಬರೋದು ಬೇಡ, ಗದಿಗೆಪ್ಪನೋರೇ."

ಗದಿಗೆಪ್ಪ ಲೆನ್ಸ್ ಒರೆಸುವ ಬಟ್ಟೆ ಮಡಿಚಿ, ಊಟದ ಡಬ್ಬಿ ಎತ್ತಿಕೊಂಡು ಹೊರಗೆ ಬಂದ. ತಲೆಯ ಮೇಲೆ ಏಳನೇ ನಂಬರ್ ರೈಲು ಗಡಗಡ ಹೋಯಿತು. ರಾಜಿಗೆ ಏನು ಹೇಳಬೇಕೆಂದು ಅವನಿನ್ನೂ ಯೋಚಿಸಿರಲಿಲ್ಲ. ಹಿಂದಿನಿಂದ ಇಮ್ರಾನ್ ಓಡಿ ಬಂದ. ಅವನ ಕಣ್ಣು ತುಂಬಿತ್ತು. ಕ್ಯಾಂಟೀನಿನಲ್ಲಿ ಹೇಳಲು ಒಂದು ಹೊಸ ಪುರಾಣವೂ ಆಗಲೇ ಅರ್ಧ ಸಿದ್ಧವಾಗಿತ್ತು.

"ಗದಿಗೆಪ್ಪಣ್ಣ, ನಿಮ್ಮಂಥ ಮನುಷ್ಯನ್ನ ನಾನು ನೋಡಿಲ್ಲ. ಅವರ ಮಾತು ನಿಮಗೂ ಕೇಳಿಸ್ತು, ನನಗೂ ಕೇಳಿಸ್ತು. ಒಂದು 'ಇಲ್ಲ' ಅಂದಿದ್ರೆ ಕೆಲಸ ಉಳೀತಿತ್ತು. ಆ ಮಗು ಮುಖ ನೋಡಿ ತಾನೇ 'ಐತಿ' ಅಂದಿದ್ದು?"

ಗದಿಗೆಪ್ಪ ಊಟದ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.

"ಆವತ್ತ ಮುಂಜಾನಿಂದ ನಿಂತಿದ್ನೋ ಇಮ್ರಾನಾ, ಕಾಲು ಹರಿಯಾಕತ್ತಿದ್ವು. 'ಇಲ್ಲ' ಅಂದಿದ್ರ ಇನ್ನ ಅರ್ಧಾ ತಾಸು ಮಾತಾಡಬೇಕಿತ್ತು."