ಬೇಸಿನ್ನಿನಲ್ಲಿ ತೇಲಿದ ಧ್ರುವಸಾಗರ

ನಾಪೋಕ್ಲುವಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ಭೂಗೋಳದ ಟೀಚರ್, ಧ್ರುವಸಾಗರಗಳ ಸಂಶೋಧನೆಯ ನೆನಪಿಗೆ ದೇಶದೇಶಗಳು ಹೊರತಂದ ಅಂಚೆಚೀಟಿಗಳನ್ನಷ್ಟೇ ಕೂಡಿಸುತ್ತಿದ್ದರು. ಹಿಮದಲ್ಲಿ ಸಿಕ್ಕಿಕೊಂಡ ಹಡಗುಗಳು, ಕಡಲಿನ ಆಳ ಅಳೆಯುವ ಹಗ್ಗಗಳು, ತಿಮಿಂಗಿಲಗಳು. ಆಲ್ಬಮ್ ತೆರೆಯುವಾಗ ಬಾಯಿಗೆ ಸೆರಗು ಅಡ್ಡ ಹಿಡಿದು, "ಮೆಲ್ಲ ಉಸಿರಾಡಿ, ಹಾರಿ ಹೋಗ್ತವೆ" ಎನ್ನುವರು.

ಒಂದು ಮಳೆಗಾಲ ಹೊಳೆಯ ನೀರು ಅವರ ಮನೆಗೆ ನುಗ್ಗಿ ಆಲ್ಬಮ್ ಮುದ್ದೆಯಾಯಿತು. ನೀರಿಳಿದ ಮೇಲೆ ಹೋಗಿ, "ಎಲ್ಲ ಹೋಯ್ತಲ್ಲ ಟೀಚರ್" ಎಂದೆ.

"ಅಂಟಿಕೊಂಡಿವೆ ಅಷ್ಟೆ. ಒಂದು ಬೇಸಿನ್ ಒಳ್ಳೆ ನೀರು ತನ್ನಿ" ಎಂದರು.

ಹಾಳೆಗಳನ್ನು ನೀರಲ್ಲಿ ಮುಳುಗಿಸಿ ಕಾದೆವು. ಬಹಳ ಹೊತ್ತಿನ ಮೇಲೆ ಒಂದು ಹಡಗು ಹಾಳೆಯಿಂದ ಬಿಡಿಸಿಕೊಂಡು ತೇಲಿತು. ಹಿಂದೆಯೇ ಒಂದು ಪೆಂಗ್ವಿನ್, ಆಮೇಲೆ ಮತ್ತೊಂದು ಹಡಗು. ಬಣ್ಣ ಚೂರೂ ಮಾಸಿರಲಿಲ್ಲ.

ಸಿಗಡಿಯಂಥ ಪುಟ್ಟ ಜೀವಿಯ ಚಿತ್ರವಿದ್ದ ಚೀಟಿಯೊಂದನ್ನು ಟೀಚರ್ ಚಿಮಟದಿಂದ ಎತ್ತಿ ನನ್ನ ಅಂಗೈ ಮೇಲಿಟ್ಟರು.

"ಅಷ್ಟು ದೊಡ್ಡ ತಿಮಿಂಗಿಲ ಇದನ್ನ ತಿಂದೇ ಬದುಕೋದು. ಇದನ್ನ ತಿಳ್ಕೊಳ್ಳೋಕೆ ಅಂತಾನೇ ಜನ ಆ ಚಳಿಗೆ ಹೋದ್ರು ನೋಡಿ."

ಕೆಸರು ಮೆತ್ತಿದ ಆ ಮನೆಯಲ್ಲಿ ನಾನು ಅಂಗೈ ಮಡಚಲಾರದೆ ನಿಂತೇ ಇದ್ದೆ.